ಬನ್ನಣ್ಣ ಮಲಗಿದ ದಿನ

ಒಂದು ಸಣ್ಣ ಸೀಸೆ ರಕ್ತ ಕೊಡುವುದಕ್ಕಾಗಿ ಬನ್ನಣ್ಣ ಆ ದಿನ ಹಗಲು ಮಲಗಲೇಬೇಕಾಗಿತ್ತು. ಹಗಲುನಿದ್ದೆ ಅವನಿಗೆ ಹೊಸದಲ್ಲ. ಬೇಕರಿಯ ರಾತ್ರಿಪಾಳಿಯಲ್ಲಿ ಹಿಟ್ಟು ನಾದಿ ನಾದಿ ತಲೆ ನರೆತವನು. ಅವನು ಬೆಳಗ್ಗೆ ಮನೆಗೆ ಬರುವ ಹೊತ್ತಿಗೆ ಹೆಂಡತಿ ಹೊಲಿಗೆ ಕಾರ್ಖಾನೆಗೆ ಹೊರಟು ನಿಂತಿರುತ್ತಿದ್ದಳು. ರಜೆಗಳೂ ಇಬ್ಬರಿಗೂ ಒಂದೇ ದಿನ ಬರುತ್ತಿರಲಿಲ್ಲ. ಬಾಗಿಲಲ್ಲಿ ಬೀಗದ ಕೈ ಕೊಡುವಾಗ ಬೆರಳಿಗೆ ಬೆರಳು ತಾಗಿದರೆ ಅದೇ ಸಂಸಾರ. ಅವಳು ಎದ್ದುಹೋದ ಕಡೆ ಹಾಸಿಗೆ ಇನ್ನೂ ಬೆಚ್ಚಗಿರುತ್ತಿತ್ತು. ಅವನು ಅಲ್ಲೇ ಮಲಗುತ್ತಿದ್ದ.

ಈಚೆಗೆ ಮಾತ್ರ ಅವನ ಮೈ ಹುಳಿ ಬಾರದ ಹಿಟ್ಟಿನ ಹಾಗೆ ತಣ್ಣಗೆ ಬಿದ್ದಿರುತ್ತಿತ್ತು. ಅಪರೂಪಕ್ಕೊಂದು ಸಂಜೆ ಅವಳು ಬೇಗ ಬಂದು ಪಕ್ಕದಲ್ಲಿ ಕೂತರೂ ಇವನಿಗೆ ಆಕಳಿಕೆ. "ನನ್ನ ಕಂಡ್ರೆ ಬೇಜಾರಾಯ್ತೇನ್ರೀ?" ಎಂದು ಒಮ್ಮೆ ನಗುತ್ತಲೇ ಕೇಳಿದಳು. ಉತ್ತರಕ್ಕೆ ಕಾಯದೆ ಅಡುಗೆಮನೆಗೆ ಹೋದಳು. ಅದಕ್ಕೇ ಅವನು ನಾಚಿಕೆ ಬಿಟ್ಟು ಆಸ್ಪತ್ರೆಗೆ ಹೋದದ್ದು.

ಡಾಕ್ಟರು ಮಗಳ ವಯಸ್ಸಿನವಳು. "ಆಸೆ ಹೇಗಿದೆ?" ಎಂದಳು.

"ಯಾವ ಆಸೆ ತಾಯೀ?"

"ಹೆಂಡತಿ ಮೇಲಿನ ಆಸೆ."

ಬನ್ನಣ್ಣನ ಮುಖ ಒಲೆಯಿಂದ ಈಗಷ್ಟೇ ತೆಗೆದ ಬನ್ನಿನ ಹಾಗಾಯಿತು. "ಆಸೆ ಬರ್ಲಿ ಅಂತ ಆಸೆ ಇದೆ" ಅಂದ.

ರಕ್ತದಲ್ಲಿ ಟೆಸ್ಟೋಸ್ಟೆರಾನ್ ಕಡಿಮೆ ಬಂತು. ಆದರೂ ಡಾಕ್ಟರು ಔಷಧಿ ಬರೆಯಲಿಲ್ಲ. "ಒಂದೇ ಸಲ ನೋಡಿ ಹೇಳೋಕಾಗಲ್ಲ. ಈ ಹಾರ್ಮೋನು ನಿದ್ದೆಯಿಂದ ಎದ್ದಾಗ ಜಾಸ್ತಿ ಇರುತ್ತೆ. ನೀವು ರಾತ್ರಿಯೆಲ್ಲ ದುಡಿದು ಸೀದಾ ಇಲ್ಲಿಗೆ ಬಂದಿದ್ರಿ. ಚೆನ್ನಾಗಿ ನಿದ್ದೆ ಮಾಡಿ, ಎದ್ದ ತಕ್ಷಣ ಖಾಲಿ ಹೊಟ್ಟೇಲಿ ಬನ್ನಿ. ಆಮೇಲೆ ಹೇಳ್ತೀನಿ."

ಹೆಂಡತಿ ರಜೆ ಹಾಕಿ ಬಾಗಿಲು ಕಾದಳು. ಕೇಳಿದವರಿಗೆ, "ಏನೋ ರಕ್ತಪರೀಕ್ಷೆ, ಅದಕ್ಕೆ ನಿದ್ದೆ ಆಗ್ಬೇಕಂತೆ" ಎಂದಷ್ಟೇ ಹೇಳಿದಳು. ಅಷ್ಟು ಸಾಕಾಯಿತು. ನೆರೆಹೊರೆಯವರು ಬಹಳ ಒಳ್ಳೆಯವರು.

ಮೊದಲು, ಕೆಳಗಿನ ಅಂಗಡಿಯ ತಗಡಿನ ಕೆಲಸದವನು ಸುತ್ತಿಗೆ ಕೆಳಗಿಟ್ಟ. ಆ ಠಣಠಣವೇ ಬನ್ನಣ್ಣನಿಗೆ ವರ್ಷಾನುಗಟ್ಟಲೆಯಿಂದ ಜೋಗುಳ. ಅದು ನಿಂತದ್ದೇ ತಡ, ಕಣ್ಣು ಬಿಟ್ಟುಕೊಂಡವು. ಅಷ್ಟರಲ್ಲಿ ಆ ಪುಣ್ಯಾತ್ಮ ಮೆಟ್ಟಿಲೇರಿ ಬಂದು ಕಿಟಕಿಯಲ್ಲಿ ಪಿಸುಗುಟ್ಟಿದ: "ಬನ್ನಣ್ಣಾ, ಸದ್ದು ನಿಲ್ಸಿದೀನಿ. ನಿದ್ದೆ ಬಂತಾ?"

"ಬಂದಿತ್ತು ಕಣಪ್ಪ, ನೀನು ನಿಲ್ಸಿದ್ಯಲ್ಲ, ಹೋಯ್ತು. ಹೋಗಿ ಬಡಿ."

"ಇವತ್ತು ಬಡಿಯೋದಾ? ನಾನೇನು ಮನುಷ್ಯ ಅಲ್ವಾ?" ಎಂದು ಅವನು ದಿನದ ಕೆಲಸವನ್ನೇ ಕೈಬಿಟ್ಟು ಕೂತ.

ಆಮೇಲೆ ಮೇಲ್ಮನೆಯ ಅಜ್ಜಿ ಬಿಸಿ ಹಾಲು ಹಿಡಿದು, ಬಾಗಿಲು ಕಾಯುತ್ತಿದ್ದ ಹೆಂಡತಿಯನ್ನು ಮೊಣಕೈಯಲ್ಲಿ ಸರಿಸಿ ಒಳಗೆ ಬಂದಳು.

"ಏನೂ ಕುಡೀಬಾರ್ದಂತೆ ಅಜ್ಜೀ."

"ಹಂಗಾದ್ರೆ ಸುಮ್ನೆ ಕಣ್ಮುಚ್ಕೋ. ನಾನು ಪಕ್ಕದಲ್ಲಿ ಕೂತು ಮಾತಾಡ್ತಿರ್ತೀನಿ. ನಮ್ಮೆಜಮಾನ್ರಿಗೂ ಹಿಂಗೇ ನಿದ್ದೆ ಬರದೆ ಶುರುವಾಯ್ತು ನೋಡು..." ಯಜಮಾನರು ಉಸಿರು ಬಿಡುವ ತನಕ ಕತೆ ನಡೆಯಿತು. ಅಜ್ಜಿ ಕಣ್ಣೊರೆಸಿಕೊಂಡು ಹೊದಿಕೆ ಸರಿಮಾಡಿ ಹೋದಳು. ಬನ್ನಣ್ಣ ತನ್ನ ಎದೆಬಡಿತ ಕೇಳುತ್ತ ಮಲಗಿದ್ದ.

ಕೊನೆಗೆ ರೆಪ್ಪೆ ಭಾರವಾಗುತ್ತಿರುವಾಗ ಬೀದಿಯಲ್ಲಿ ಸೀಟಿ ಕೂಗಿತು. ಎದುರು ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಆಡುವ ಮಕ್ಕಳನ್ನು ಚದುರಿಸುತ್ತಿದ್ದರು. "ಯಾರೂ ಉಸಿರೆತ್ತಬಾರ್ದು! ಬನ್ನಣ್ಣ ಮಲಗಿದಾನೆ!" ಆ ಗರ್ಜನೆಗೆ ಸೂರಿನ ಪಾರಿವಾಳಗಳೆಲ್ಲ ಹಾರಿದವು. ಬನ್ನಣ್ಣ ಎದ್ದು ಕೂತ.

"ಹೊತ್ತಾಯ್ತು, ನಡಿ. ನಿದ್ದೆ ಆಯ್ತು ಅಂತ ಹೇಳಿಬಿಡ್ತೀನಿ."

"ನೀವು ಹೇಳಿದ್ದನ್ನ ರಕ್ತ ನಂಬಬೇಕಲ್ಲ!" ಎಂದಳು ಹೆಂಡತಿ, ಚಪ್ಪಲಿ ಮೆಟ್ಟುತ್ತ.

ಲ್ಯಾಬಿನಲ್ಲಿ ಜನ ಇದ್ದರು. ನಂಬರಿನ ಚೀಟಿಯನ್ನು ಹೆಂಡತಿಯ ಕೈಗೆ ಕೊಟ್ಟು ಬೆಂಚಿನ ಮೇಲೆ ಕೂತ. ಫ್ಯಾನು ಕಿರ್ ಕಿರ್ ಎನ್ನುತ್ತಿತ್ತು, ಒಳಗೆಲ್ಲೋ ಯಾರೋ ತಟ್ಟೆ ಕುಕ್ಕುತ್ತಿದ್ದರು. ಠಣ, ಠಣ. ಬನ್ನಣ್ಣನ ತಲೆ ಮೆಲ್ಲಗೆ ಹೆಂಡತಿಯ ಭುಜಕ್ಕೆ ವಾಲಿತು.

ಎಚ್ಚರವಾದಾಗ ಮೈ ಹತ್ತಿಯಷ್ಟು ಹಗುರ. ನೆಲ ಒರೆಸುತ್ತಿದ್ದಾಕೆ ಅವರ ಬೆಂಚನ್ನು ಮಾತ್ರ ಬಿಟ್ಟು ಸುತ್ತಲೂ ಒರೆಸಿದ್ದಳು. ಕೌಂಟರಿನ ಬಾಗಿಲು ಹಾಕಿತ್ತು.

"ಅಮ್ಮಾ, ನನ್ನ ರಕ್ತ!" ಎಂದು ಓಡಿದ. "ಈಗ ತಾನೇ ಎದ್ದೆ!"

ಚೀಲ ಹೆಗಲಿಗೇರಿಸುತ್ತಿದ್ದ ಲ್ಯಾಬಿನ ಹುಡುಗಿ ಮರುಗಿದಳು. "ಅಯ್ಯೋ, ಇಂಥ ರಕ್ತವೇ ಬೇಕಾಗಿದ್ದು. ಈ ಪರೀಕ್ಷೆ ವಾರಕ್ಕೊಂದೇ ದಿನ, ಇವತ್ತಿಂದು ಮುಗೀತಲ್ಲ ಅಂಕಲ್, ಮುಂದಿನ ವಾರ ಬನ್ನಿ."

"ನನ್ನ ಕರೀಲೇ ಇಲ್ಲ ನೀವು!"

"ಗಂಟಲು ಕಟ್ಟೋ ಹಾಗೆ ಕೂಗಿದೆ. ಆ ನಂಬರಿನವರು ಯಾರೂ ಏಳ್ಲಿಲ್ಲ."

ಬನ್ನಣ್ಣ ತಿರುಗಿ ನೋಡಿದ. ಹೆಂಡತಿ ತಲೆ ತಗ್ಗಿಸಿ ಕೂತಿದ್ದಳು. ಮುಷ್ಟಿಯಲ್ಲಿ ಚೀಟಿ ಮುದುಡಿ ಉಂಡೆಯಾಗಿತ್ತು.

"ನೀನು ಎಚ್ಚರ ಇದ್ದೆ ತಾನೇ? ಕೇಳಿಸ್ಲಿಲ್ವಾ?"

"ಕೇಳಿಸ್ತು." ಜೋಮು ಹಿಡಿದ ಭುಜವನ್ನು ನೀವಿಕೊಂಡಳು. "ನೀವು ನನ್ನ ಪಕ್ಕ ನಿದ್ದೆ ಮಾಡಿ ಎಷ್ಟು ವರ್ಷ ಆಗಿತ್ತು ರೀ. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ."

ಪಾಳಿಗೆ ಹೊತ್ತಾಗಿತ್ತು. ಬೀದಿಯ ತಿರುವಿನಲ್ಲಿ ಅವಳ ಕೈಗೆ ಬೀಗದ ಕೈ ಇಟ್ಟ. ಬೆರಳು ಬಿಡಿಸಿಕೊಳ್ಳಲು ಯಾಕೋ ತಡವಾಯಿತು.

"ಮುಂದಿನ ವಾರ ಎಬ್ಬಿಸ್ತೀಯಾ ತಾನೇ?"

"ನೋಡೋಣ" ಅಂದಳು.