ಬೆಂಚಿಗೆ ಹೇಳಿದ್ದು, ಡಾಕ್ಟರಿಗೆ ಹೇಳದ್ದು

ಡಾಕ್ಟರ ಎದುರು ನಿಜ ಹೇಳಲು ನಮಗೆ ಯಾಕೋ ಸಂಕೋಚ. ಉಪ್ಪಿಲ್ಲದ ಸಾರನ್ನು ನೆಂಟರು ಹೊಗಳುವ ಹಾಗೆ, ಅವರು ಕೊಟ್ಟ ಔಷಧವನ್ನು ಹೊಗಳಿ ಬರುತ್ತೇವೆ. ನಿಜವನ್ನೆಲ್ಲ ಹೊರಗಿನ ಬೆಂಚಿನಲ್ಲಿ ಕೂತವರಿಗೆ ಹೇಳುತ್ತೇವೆ. ನನ್ನ ಮಟ್ಟಿಗಂತೂ ಇದು ಕಾನ್ವೆಂಟಿನ ಪ್ರಸಾದ. "ಹೌ ಆರ್ ಯೂ?" ಎಂದು ಕೇಳಿದರೆ, ಜ್ವರದಲ್ಲಿ ಮೈ ಸುಡುತ್ತಿದ್ದರೂ "ಫೈನ್, ಥ್ಯಾಂಕ್ ಯೂ" ಎನ್ನಬೇಕೆಂದು ಸಿಸ್ಟರುಗಳು ಕಲಿಸಿದ್ದರು. ಆ ಸಿಸ್ಟರುಗಳೂ ಹೋದರು, ಸ್ಕೂಲಿನ ಅಂಗಳದ ಗುಲ್‌ಮೊಹರ್ ಮರವೂ ಹೋಯಿತು. ಆ ವಾಕ್ಯ ಮಾತ್ರ ನನ್ನ ನಾಲಿಗೆಯ ಮೇಲೆ ಇನ್ನೂ ಯೂನಿಫಾರ್ಮ್ ತೊಟ್ಟು ನಿಂತಿದೆ.

ನನ್ನ ಮೊಮ್ಮಗಳು ವೀಣಾ ಪಿಯುಸಿ ಓದುವ ಹುಡುಗಿ. ಕೆನ್ನೆ ತುಂಬ ಮೊಡವೆ ಎದ್ದು, ಕನ್ನಡಿಗೆ ಬೆನ್ನು ಹಾಕಿ ತಲೆ ಬಾಚಿಕೊಳ್ಳುತ್ತಿದ್ದಳು. ಜಿಲ್ಲೆಯಾದ ಮೇಲೆ ದಾವಣಗೆರೆಯಲ್ಲಿ ಅಂಗಕ್ಕೊಬ್ಬ ಸ್ಪೆಷಲಿಸ್ಟ್ ಬಂದಿದ್ದಾರಲ್ಲ, ಹರಿಹರದಿಂದ ಬಸ್ಸು ಹತ್ತಿಸಿ ಚರ್ಮದ ಡಾಕ್ಟರ ಬಳಿ ಕರೆದುಕೊಂಡು ಹೋದೆ. ನುಂಗಲು ಕ್ಯಾಪ್ಸೂಲು, ಹಚ್ಚಲು ಟ್ಯೂಬು ಕೊಟ್ಟರು. ಮೊಡವೆಯೇನೋ ಇಳಿಯಿತು. ಆದರೆ ತುಟಿ ಬೇಸಿಗೆಯ ಕೆರೆಯಂಗಳದಂತೆ ಬಿರುಕು ಬಿಟ್ಟಿತು. ಹರಿಹರದ ಹುಡುಗಿಯಾಗಿ ಮಂಡಕ್ಕಿ ಜೊತೆ ಮಿರ್ಚಿ ಕಚ್ಚಲಾಗದ ದುಃಖ ಒಂದು ಕಡೆ. ಕಾಲೇಜಿನ ಡಿಬೇಟಿಗೆ ಆಯ್ಕೆಯಾದದ್ದು ಇನ್ನೊಂದು ಕಡೆ. ಮೊಡವೆಗೆ ನಾಚಿ ಹಿಂದಿನ ವರ್ಷ ಸ್ಟೇಜು ಹತ್ತಿರಲಿಲ್ಲ. ಈಗ ಮುಖ ತೋರಿಸುವ ಹಾಗಾಯಿತು, ಬಾಯಿ ತೆರೆಯುವ ಹಾಗಿಲ್ಲ! "ಮಾತಾಡಿದ್ರೆ ರಕ್ತ ಬರ್ತೈತೆ ಅಜ್ಜಿ. ಈ ಸಲ ಡಾಕ್ಟ್ರು ಏನಾದ್ರೂ ಮಾಡ್ಲಿಲ್ಲ ಅಂದ್ರೆ ಹೆಸರು ವಾಪಸ್ ತಗೋತೀನಿ" ಎಂದಳು.

ಮತ್ತೆ ಹೋದಾಗ ಬೆಂಚು ತುಂಬಿತ್ತು. ಬಟ್ಟೆ ಅಂಗಡಿಯ ಹುಡುಗ ಇಮ್ತಿಯಾಜ್ ತನ್ನ ನೀಲಿ ಶರ್ಟಿನ ಕಾಲರ್ ತೋರಿಸಿದ. ಟ್ಯೂಬಿನ ಔಷಧ ತಗಲಿದಲ್ಲೆಲ್ಲ ಬಣ್ಣ ಹಾರಿತ್ತು. "ಮುಖಕ್ಕಿಂತ ಮೊದ್ಲು ದಿಂಬಿನ ಕವರು ಬೆಳ್ಳಗಾತ್ರಿ ಅಜ್ಜಿ." ಮಗಳನ್ನು ಕರೆತಂದಿದ್ದ ಭಾನುವಳ್ಳಿಯ ಗಂಗಮ್ಮ ಬಿಡುತ್ತಾಳೆಯೇ? "ಅದೇನ್ ಮಹಾ ಬಿಡಪ್ಪ. ಇವಳ ಮುಖ ನೋಡು, ಬೆಂದ ಆಲೂಗಡ್ಡಿ ಸುಲಿದಂಗೆ ಸುಲೀತೈತೆ." ನಾನೂ ಹಿಂದೆ ಬೀಳಲಿಲ್ಲ, ವೀಣಾಳ ತುಟಿ ತೋರಿಸಿದೆ. ನನಗೆ ಮೊಡವೆಯಿಲ್ಲದಿದ್ದರೇನು, ಬಿ.ಪಿ. ಮಾತ್ರೆ ಶುರುವಾದಾಗಿನಿಂದ ಹಿಡಿದ ಒಣ ಕೆಮ್ಮನ್ನು ವರ್ಣಿಸಿದೆ. ಮದುವೆಮನೆಯಲ್ಲಿ ಒಡವೆ ತೋರಿಸಿದಷ್ಟು ಸಂಭ್ರಮ.

ನಮ್ಮ ಸರದಿ ಹತ್ತಿರವಾಯಿತು. ಡಾಕ್ಟರೆದುರು ಹೀಗೆ ಹೋಗುವುದೇ? ಡಬ್ಬಿಯಲ್ಲಿ ತಂದಿದ್ದ ಬೆಣ್ಣೆಯನ್ನು ವೀಣಾಳ ತುಟಿಗೆ ಹಚ್ಚಿ, ಕೆನ್ನೆಗೆ ಪೌಡರ್ ಒತ್ತಿದೆ. ಗಂಗಮ್ಮನೂ ಮಗಳಿಗೆ ಹಾಗೇ ಮಾಡುತ್ತಿದ್ದಳು. ಒಳಗೆ ಡಾಕ್ಟರು "ಹೇಗಿದೆಯಮ್ಮ?" ಎಂದರೆ, ನಾನು ಸಾಕಿದ ಹುಡುಗಿ "ಚೆನ್ನಾಗಿದೆ ಸರ್" ಎಂದಳು. ನಾನೂ ತಲೆಯಾಡಿಸಿದೆ. ಅವರಿಗೆ ಖುಷಿಯಾಗಿ ಡೋಸ್ ಏರಿಸಿ ಕಳಿಸಿದರು.

ಹೊರಗೆ ಬರುವಾಗ ಹುಡುಗಿಯ ಕಣ್ಣು ತುಂಬಿತ್ತು. ಡೋಸ್ ಏರಿಸಿದ್ದನ್ನು ಬೆಂಚಿಗೆ ಹೇಳಿದೆ.

"ಜಾಸ್ತಿ ಮಾಡಿದ್ರಾ? ಅಯ್ಯೋ ಯವ್ವಾ, ತುಟಿ ತೋರಿಸ್ಲಿಲ್ವೇನೆ?" ಎಂದು ಗಂಗಮ್ಮ ಸೆರಗಿನಿಂದ ಬೆಣ್ಣೆ ಒರೆಸಿ, ಅವಳ ಕೈಹಿಡಿದು ಒಳಗೆ ನುಗ್ಗಿದಳು. ಹಿಂದೆಯೇ ನಾನು. "ನೋಡ್ರಿ ಡಾಕ್ಟ್ರೇ, ಹೆಂಗೆ ಒಡದೈತೆ! ಇವರಜ್ಜಿ ಇಂಗ್ಲಿಷ್ ಕಲ್ತೋರು, ಬೆಣ್ಣಿ ಹಚ್ಚಿ ಮುಚ್ಚಿದಾರೆ."

ಡಾಕ್ಟರು ನನ್ನತ್ತ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ಓದತೊಡಗಿದೆ. ಅವರು ಡೋಸನ್ನು ಮೊದಲಿಗಿಂತಲೂ ಇಳಿಸಿ, ತುಟಿಗೆ ಮುಲಾಮು ಬರೆದು, "ನಿಮ್ಮ ಮಗಳು ಹೇಗಿದಾಳಮ್ಮ?" ಎಂದು ಗಂಗಮ್ಮನನ್ನು ಕೇಳಿದರು.

"ನಮ್ಮ ಹುಡುಗಿಗೇನ್ರಿ, ಆರಾಮದಾಳೆ!"

"ಸುಳ್ಳು, ಡಾಕ್ಟರ್! ಆ ಮಗುವಿನ ಮುಖ ಸುಲಿದು ಹೋಗ್ತಿದೆ" ಎಂದು ಕೂಗಿದವಳು ನಾನೇ. ನನ್ನ ಬಾಯಿಂದ ಡಾಕ್ಟರ ಎದುರು ಹೊರಬಿದ್ದ ಮೊದಲ ನಿಜ, ಅದೂ ಬೇರೆಯವರದ್ದು. ಪಾಪದ ಇಮ್ತಿಯಾಜನ ಕಾಲರನ್ನೂ ಇಬ್ಬರೂ ಸೇರಿ ವರದಿ ಮಾಡಿಯೇ ಹೊರಬಂದೆವು.

ವೀಣಾ ಡಿಬೇಟಿನಲ್ಲಿ ಮಾತಾಡಿದಳು, ಎರಡನೆಯ ಬಹುಮಾನವೂ ಬಂತು. ಆಮೇಲೆ ನನ್ನ ಬಿ.ಪಿ. ಡಾಕ್ಟರ ಸರದಿ. ಜೊತೆಗೆ ಅವಳೇ ಬಂದಳು. "ಕೆಮ್ಮಿನ ವಿಷ್ಯ ಹೇಳ್ಬೇಕು ಅಜ್ಜಿ" ಎಂದು ದಾರಿಯುದ್ದಕ್ಕೂ ಪಾಠ. ಹೇಳುವವಳೇ ಇದ್ದೆ. ಆದರೆ ಅವರು "ಹೌ ಆರ್ ಯೂ, ಮೇಡಮ್?" ಎಂದುಬಿಟ್ಟರು. ಇಂಗ್ಲಿಷಿನಲ್ಲೇ ಕೇಳಿದರೆ ನಾನೇನು ಮಾಡಲಿ? "ಫೈನ್, ಥ್ಯಾಂಕ್ ಯೂ" ಎಂದೆ.

ವೀಣಾ ಎದ್ದು ನಿಂತಳು. "ಡಾಕ್ಟ್ರೇ, ಈ ಮಾತನ್ನ ನಾನು ವಿರೋಧಿಸ್ತೀನಿ" ಎಂದು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ನನಗೆ ಸಿಟ್ಟು ಬರಬೇಕಿತ್ತು. ಆದರೆ ಅಷ್ಟಗಲ ಬಾಯಿ ತೆರೆದರೂ ಎಲ್ಲೂ ಒಡೆಯದ ಅವಳ ತುಟಿಯನ್ನೇ ನೋಡುತ್ತ ಕುಳಿತೆ. ನಡುನಡುವೆ ಕೆಮ್ಮಿ, ಎದುರಾಳಿಯ ವಾದಕ್ಕೆ ಸಾಕ್ಷ್ಯವನ್ನೂ ಒದಗಿಸಿದೆ.