ಅತ್ತೆಯವರನ್ನೂ ಸೇರಿಸಿ ಮುಚ್ಚಿದ ಹೊದಿಕೆಯ ಕುರಿತು

ಗಾಡಿಗಳಿಗೆ ಹೊದಿಕೆ ಹೊಲಿಯುವ ಕಂಪನಿಯ ವ್ಯವಸ್ಥಾಪಕರ ಸನ್ನಿಧಿಗೆ,

ಮಾನ್ಯರೇ,

ತಾವೂ ತಮ್ಮ ಹೊಲಿಗೆ ಯಂತ್ರಗಳೂ ಕ್ಷೇಮವೆಂದು ನಂಬಿ, ಪ್ರವಾಸದ ಗಾಡಿಯೊಂದರ ಮಾಲೀಕನೂ ಅತ್ತೆಯೊಬ್ಬರ ಅಳಿಯನೂ ಆದ ನಾನು ಊರೆಲ್ಲ ಓದಲೆಂದು ಈ ಪತ್ರ ಬರೆಯುತ್ತಿದ್ದೇನೆ.

ಹಾಸಿಗೆ, ಒಲೆ, ಪುಟ್ಟ ಬಚ್ಚಲು ಎಲ್ಲವೂ ಇರುವ ನಮ್ಮ ಗಾಡಿ ರಜೆ ಮುಗಿದ ಮೇಲೆ ಮನೆಯ ಪಕ್ಕದ ಖಾಲಿ ಜಾಗದಲ್ಲಿ ನಿಲ್ಲುತ್ತದೆ. ಬಿಸಿಲಿಗೆ ಬಣ್ಣ ಮಾಸದಿರಲಿ, ಧೂಳು ಕೂರದಿರಲಿ ಎಂದು ತಮ್ಮಿಂದ ದಪ್ಪನೆಯ ಹೊದಿಕೆ ತರಿಸಿದೆ. ಒಳಗೆ ಏನೂ ನುಸುಳದು ಎಂದು ತಾವು ಅದರ ಮೇಲೆ ಅಚ್ಚು ಹಾಕಿಸಿದ್ದೀರಿ. ಒಳಗಿದ್ದದ್ದು ಹೊರಗೂ ಬಾರದು ಎಂಬುದನ್ನು ಬಹುಶಃ ಸಂಕೋಚದಿಂದ ಬಿಟ್ಟಿದ್ದೀರಿ.

ಕಳೆದ ಭಾನುವಾರ ನಾನು ಏಣಿ ಹತ್ತಿ, ಬೆವರು ಸುರಿಸಿ, ಹೊದಿಕೆ ಹೊದಿಸಿ, ಅಡಿಯ ಪಟ್ಟಿಗಳನ್ನು ಬಿಗಿದು, ಬಾಗಿಲ ಕಡೆಯ ಜಿಪ್ಪನ್ನು ಎಳೆದು ಮುಚ್ಚಿದಾಗ, ಗಾಡಿಯೊಳಗಿನ ಕಪಾಟು ಒರೆಸಲು ಹೋದ ಅತ್ತೆಯವರು ಅಲ್ಲೇ ಹಾಸಿಗೆಯ ಮೇಲೆ ನಿದ್ದೆಹೋಗಿದ್ದರೆಂದು ನನಗೆ ಗೊತ್ತಿರಲಿಲ್ಲ. ಊಟದ ಹೊತ್ತಿಗೆ ಅವರು ಕಾಣಲಿಲ್ಲ. ಹೆಂಡತಿ ಮಹಡಿಯೆಲ್ಲ ಹುಡುಕಿದಳು, ನಾನು ಬೀದಿ ಸುತ್ತಿದೆ. ಬೆಳಗ್ಗೆಯಷ್ಟೇ ಟಿವಿಯ ಸದ್ದಿನ ವಿಷಯಕ್ಕೆ ನಾನು ಅತ್ತೆಯವರೊಡನೆ ವಾದಿಸಿದ್ದನ್ನು ಕೇಳಿಸಿಕೊಂಡಿದ್ದ ಪಕ್ಕದ ಮನೆಯ ದಂತವೈದ್ಯರು ನನ್ನನ್ನು ಒಂದು ಥರಾ ನೋಡತೊಡಗಿದರು. ಕೊನೆಗೆ ಹೆಂಡತಿ ಅಮ್ಮನ ಫೋನಿಗೆ ಕರೆ ಮಾಡಿದಳು. ತಮ್ಮ ಹೊದಿಕೆಯೊಳಗಿಂದ ಸಣ್ಣಗೆ ರಿಂಗಣ ಕೇಳಿಸಿತು.

ಜಿಪ್ಪು ಜಪ್ಪಯ್ಯ ಅಂದರೂ ಅಲುಗಲಿಲ್ಲ. ನಾನು ಎಳೆದೆ, ದಂತವೈದ್ಯರು ವೃತ್ತಿಯ ಇಕ್ಕಳವನ್ನೇ ತಂದು ಎಳೆದರು. ಹೆಂಡತಿ ಅಳುತ್ತ ಮೇಣದಬತ್ತಿ ಉಜ್ಜಿದ ಮೇಲೆ ತೆರೆಯಿತು. ಒಳನುಗ್ಗಿದ ನಮ್ಮನ್ನು ಅತ್ತೆಯವರು ಅರೆಗಣ್ಣಲ್ಲಿ ನೋಡಿ, "ಜಿಪ್ ಹಾಕ್ಕೊಂಡು ಹೋಗಿ, ಅಳಿಯಂದಿರೇ. ಇಷ್ಟು ಒಳ್ಳೇ ನಿದ್ದೆ ನನಗೆ ನಿಮ್ಮನೇಲಿ ಒಂದಿನಾನೂ ಬಂದಿಲ್ಲ" ಎಂದರು. ಹೆಂಡತಿ ಅಳುವುದನ್ನು ಬಿಟ್ಟು ನಗತೊಡಗಿದಳು. ನನಗೆ ಹೋದ ಜೀವ ಬಂತು.

ಗಾಳಿಗೆಂದು ಕಿಂಡಿಗಳನ್ನಿಟ್ಟ ತಮ್ಮ ದೂರದೃಷ್ಟಿಗೆ ಕೈಮುಗಿಯುತ್ತೇನೆ. ಅಂದಿನಿಂದ ಅವರ ಮಧ್ಯಾಹ್ನಗಳೆಲ್ಲ ಅಲ್ಲೇ. ಸಮುದ್ರತೀರಕ್ಕೆ ಹೋಗೋಣವೆಂದರೆ, ಬರುತ್ತೇನೆ, ಆದರೆ ಹೊದಿಕೆ ತೆಗೆಯಕೂಡದು ಎನ್ನುತ್ತಾರೆ. ಆದಕಾರಣ ಹೊದ್ದುಕೊಂಡೇ ರಸ್ತೆಯಲ್ಲಿ ಓಡಬಲ್ಲ, ಚಾಲಕನಿಗೆ ದಾರಿ ಕಾಣುವ, ಒಳಗಿನವರಿಗೆ ಚಾಲಕ ಕಾಣದ ಮಾದರಿಯೊಂದನ್ನು ತಾವು ದಯಮಾಡಿ ಹೊಲಿದುಕೊಡಬೇಕು.

ತಮ್ಮ ವಿಶ್ವಾಸಿ,
ಹೊದಿಕೆಯ ಹೊರಗುಳಿದ ಅಳಿಯ

ವಿ.ಸೂ.: ದೂರುಗಳನ್ನು ಫೋನಿನಲ್ಲಷ್ಟೇ ಕೇಳುತ್ತೇವೆಂದು ತಮ್ಮ ಕಚೇರಿಯವರು ತಿಳಿಸಿದ್ದಾರೆ. ಸಂತೋಷ, ಫೋನನ್ನು ಅತ್ತೆಯವರ ಕೈಗೆ ಕೊಟ್ಟಿದ್ದೇನೆ. ತಾವು ಕುರ್ಚಿಯೊಂದನ್ನು ಹತ್ತಿರ ಎಳೆದುಕೊಳ್ಳುವುದು ಒಳ್ಳೆಯದು.