ಹನ್ನೊಂದು ಸವತಿಯರ ಬೆನ್ನು

ಹೊಲಿಗೆಯಮ್ಮನಿಗೆ ಹನ್ನೊಂದು ಜನ ಸವತಿಯರಿದ್ದರು. ಎಲ್ಲರೂ ಕಾಗದದವರು. ಉಣ್ಣಲು ಕೇಳುತ್ತಿರಲಿಲ್ಲ, ಉಡಲು ಕೇಳುತ್ತಿರಲಿಲ್ಲ. ಗೋಡೆಯ ಮೇಲೆ ನಿಂತು ಹುಬ್ಬು ಹಾರಿಸುತ್ತಿದ್ದರು, ಅಷ್ಟೆ. ಗಂಡ ತೀರಿಕೊಂಡ ಮೂರನೆಯ ತಿಂಗಳು ಆಕೆ ಅಷ್ಟೂ ಜನರನ್ನು ಒಟ್ಟಿಗೆ ಮನೆಯಿಂದ ಹೊರಹಾಕಿದಳು. ಗೆದ್ದೆ ಎಂದುಕೊಂಡಳು. ಆ ಗೆಲುವಿನ ಕಥೆ ಇದು.

ಗಂಡ ಒಂದು ಕಾಲದಲ್ಲಿ ಚಿತ್ರಮಂದಿರದ ಪೋಸ್ಟರ್ ಅಂಟಿಸುವವನು. ಸೈಕಲ್ಲು, ಏಣಿ, ಮೈದಾ ಅಂಟಿನ ಬಕೆಟ್ಟು, ಇಷ್ಟೇ ಆಸ್ತಿ. ಊರಿನ ಗೋಡೆಗಳಿಗೆಲ್ಲ ಬಣ್ಣ ಉಡಿಸಿದ ಮಹಾನುಭಾವ. (ಸ್ವಂತ ಮನೆಯ ಗೋಡೆಗೆ ಸುಣ್ಣ ಹೊಡೆಸಲು ಏಳು ವರ್ಷ ತೆಗೆದುಕೊಂಡ.) ಚಿತ್ರಮಂದಿರವನ್ನು ಒಡೆದುಹಾಕಿದ ಮೇಲೆ, ಅದರ ಉಗ್ರಾಣದಲ್ಲಿ ಮಿಕ್ಕಿದ್ದ ಹಳೆಯ ಪೋಸ್ಟರುಗಳು ವ್ಯಾಪಾರಿಗಳ ಕೈಸೇರಿದವು. ‘ಅಪರೂಪದ ಕಲಾಕೃತಿ’ ಎಂಬ ಬಿರುದು ಪಡೆದು ಹರಾಜಿಗೆ ಬರತೊಡಗಿದವು. ಇವನೂ ಹೋಗತೊಡಗಿದ. ವರ್ಷಕ್ಕೊಂದು ಕೊಂಡು ತಂದ.

“ಪುಗಸಟ್ಟೆ ಸಿಗ್ತಿದ್ದಾಗ ಕಂಡೋರ ಗೋಡೆಗೆ ಅಂಟಿಸಿದ್ರಿ. ಈಗ ದುಡ್ಡು ಕೊಟ್ಟು ತರ್ತೀರಲ್ಲ, ತಲೆ ನೆಟ್ಟಗಿದೆಯಾ?”

“ಒಂದ್ಸಲ ತಿರುಗಿಸಿ ನೋಡೇ.”

“ಇವಳ ಮುಖ ನೋಡಿಯೇ ಹೊಟ್ಟೆ ತುಂಬಿದೆ. ಬೆನ್ನು ಬೇರೆ ನೋಡ್ಬೇಕಾ?”

“ನಾನಾಗಿ ಹೇಳಲ್ಲ. ನೀನಾಗಿ ತಿರುಗಿಸ್ಬೇಕು.”

“ನಿಮ್ಮ ಹುಚ್ಚು ಬಿಟ್ಟ ದಿನ ತಿರುಗಿಸ್ತೀನಿ.”

ಹನ್ನೊಂದು ವರ್ಷ, ಹನ್ನೊಂದು ಪೋಸ್ಟರ್, ಇದೇ ಮಾತು. ಅವನು ಅವನ್ನು ಚಿಕ್ಕ ಕೋಣೆಯಲ್ಲಿ ಕ್ಲಿಪ್ ಹಾಕಿ ತೂಗುಬಿಟ್ಟ. ಆಕೆ ಆ ಕೋಣೆಗೆ ‘ಅಂತಃಪುರ’ ಎಂದು ಹೆಸರಿಟ್ಟು, ಕಸ ಗುಡಿಸಲೂ ಒಳಗೆ ಕಾಲಿಡಲಿಲ್ಲ. ಹಟ ಎಂದರೆ ಹಟ.

ಅವನಿಗೆ ಇನ್ನೊಂದು ಹುಚ್ಚೂ ಇತ್ತು. ಸೋಪು. ಬಚ್ಚಲ ಗೂಡಿನಲ್ಲಿ ನಾಲ್ಕೈದು ಇದ್ದರೂ ಸಂಜೆ ಬರುವಾಗ ಜೇಬಿನಲ್ಲಿ ಇನ್ನೊಂದು. “ಸೋಪಿನಂಗಡಿ ಇಡ್ತೀರಾ?” ಎಂದರೆ, “ಮರೆತ್ರೆ ಕಷ್ಟ ಕಣೇ,” ಎಂದು ನಗುತ್ತಿದ್ದ. ಎದೆನೋವು ಬಂದು ಆಸ್ಪತ್ರೆಗೆ ಹೋದ ದಿನವೂ ಅವನ ಅಂಗಿಯ ಜೇಬಿನಲ್ಲಿ ಸೋಪಿತ್ತು. ಅಂಗಿಯ ಜೊತೆ ಅದನ್ನೂ ಆಕೆಯ ಕೈಗೆ ಕೊಟ್ಟರು.

ಹರಾಜಿನವರನ್ನು ಕರೆಸಿದಾಗ ಪಕ್ಕದ ಮನೆಯ ನಾದಿನಿ ಅಡ್ಡ ಬಂದಳು.

“ಅತ್ತಿಗೆ, ಒಂದಾದ್ರೂ ಇಟ್ಕೊಳ್ಳಿ. ಅಣ್ಣನ ನೆನಪಿಗೆ.”

“ನಿಮ್ಮಣ್ಣ ಅವುಗಳನ್ನ ನೋಡಿದಷ್ಟು ಹೊತ್ತು ನನ್ನ ನೋಡಿದ್ರೆ, ನೆನಪಿಗೆ ಬರಗಾಲ ಇರ್ತಿರ್ಲಿಲ್ಲ.”

ಅವರು ಪೋಸ್ಟರುಗಳನ್ನು ಸುರುಳಿ ಸುತ್ತುವಾಗ ಆಕೆ ಮಿಷನ್ನಿನ ಮುಂದೆ ಕೂತು, ತಲೆ ಎತ್ತದೆ ದಿಂಬಿನ ಚೀಲ ಹೊಲಿದಳು. ಅವರು ಹೋದ ಮೇಲೆ ನೋಡಿದರೆ ನಾಲ್ಕೂ ಬದಿ ಹೊಲಿದು ಮುಚ್ಚಿಬಿಟ್ಟಿದ್ದಳು.

ಹರಾಜಿನ ದಿನ ಆಕೆ ಹೋದದ್ದು ಸವತಿಯರ ಕೊನೆಯ ಮೆರವಣಿಗೆ ನೋಡಲು. ಹಿಂದಿನ ಸಾಲಿನಲ್ಲಿ ಕೂತಳು. ಹರಾಜು ಕೂಗುವವನು ಮೊದಲ ಪೋಸ್ಟರನ್ನು ಎತ್ತಿ, ಮುಖ ತೋರಿಸಿ, ಆಮೇಲೆ ಹೊರಳಿಸಿದ.

“ದೋಷ ಮುಚ್ಚಿಡೋದಿಲ್ಲ. ಹನ್ನೊಂದರ ಬೆನ್ನ ಮೇಲೂ ಯಾವುದೋ ಮಗು ಗೀಚಿದೆ. ಆದ್ದರಿಂದ ಹನ್ನೊಂದೂ ಸೇರಿ ಒಂದೇ ಕಟ್ಟು.”

ಬೆನ್ನ ತುಂಬ ‘ಅ’ ಇತ್ತು. ಮೊಟ್ಟೆಗೆ ಕೂತ ಕೋಳಿಯಂಥ ‘ಅ’.

ಆ ಕೋಳಿಗಳನ್ನು ಹೊಲಿಗೆಯಮ್ಮ ಗುರುತಿಸಿದಳು. ಸಾಕಿದವಳೇ ಆಕೆ.

ಮದುವೆಯಾದ ಹೊಸದು. ಆಕೆಗೆ ಒಂದಕ್ಷರ ಬರುತ್ತಿರಲಿಲ್ಲ. ಸ್ಲೇಟು ತರಲು ಕೂಡ ಕಾಸಿರಲಿಲ್ಲ. ಅವನು ಮಿಕ್ಕ ಪೋಸ್ಟರ್ ಮನೆಗೆ ತಂದು, ಬೋರಲು ಹಾಕಿ, ಬೆನ್ನಿನ ಮೇಲೆ ಬರೆಸುತ್ತಿದ್ದ. ಮ್ಯಾನೇಜರು ಎಣಿಸಿ ಕೊಟ್ಟ ಮಾಲು, ಮರುದಿನ ಉಗ್ರಾಣಕ್ಕೆ ವಾಪಸು. ಬರೆದಳು, ಕಲಿತಳು, ಬರೆದ ಕಾಗದವನ್ನು ಮರೆತಳು. ಅವನು ಮರೆತಿರಲಿಲ್ಲ. ಮಂದಿ ಮುಖ ನೋಡಿ ಕೊಳ್ಳುವಾಗ ಅವನು ಬೆನ್ನು ನೋಡಿ ಕೊಂಡಿದ್ದ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಆಕೆ ಹಿತ್ತಲಿಗೇ ಹೋಗಿರಲಿಲ್ಲ.

“ಐದು ಸಾವಿರ,” ಎಂದಳು. ಎದ್ದು ನಿಂತದ್ದು ಆಕೆಗೇ ಗೊತ್ತಾಗಲಿಲ್ಲ.

“ಐದು ಸಾವಿರ, ಒಂದನೇ ಸಲ.”

ಮುಂದಿನ ಸಾಲಿನ ಮುದುಕನೊಬ್ಬ ಕರ್ಚೀಫು ಎತ್ತಿದ.

“ಆರು.”

“ಆರು ಸಾವಿರ, ಒಂದನೇ ಸಲ.”

ಕರ್ಚೀಫು ಮತ್ತೆ ಮೇಲೆದ್ದಿತು.

“ಎಂಟು. ನೋಡೇಬಿಡ್ತೀನಿ.”

ಕೂಗುವವನು ಸುತ್ತಿಗೆ ಕೆಳಗಿಟ್ಟ. “ಅಮ್ಮಾ, ಐದು ಅಂದಿದ್ದೂ ನೀವೇ, ಆರು, ಎಂಟು ಅಂದಿದ್ದೂ ನೀವೇ. ಯಾರ ಜೊತೆ ಪೈಪೋಟಿ?”

“ಆ ಕರ್ಚೀಫಿನವರ ಜೊತೆ.”

“ಅವರಿಗೆ ನೆಗಡಿ, ಅಮ್ಮ.”

ಮುದುಕ ಹೌದೆಂದು ಸೀನಿದ. ಸುತ್ತಿಗೆ ಬಿತ್ತು.

ಮೇಜಿನ ಗುಮಾಸ್ತ ಕನ್ನಡಕ ಏರಿಸಿ ನೋಡಿದ. “ಮಾರಿದೋರೂ ನೀವೇ, ಕೊಂಡೋರೂ ನೀವೇ. ಎರಡೂ ಕಡೆ ಕಮಿಷನ್ ಬೀಳುತ್ತೆ. ಇಲ್ಲಿ ಸಹಿ ಮಾಡಿ.”

ಮಾಡಿದಳು. ಗುಮಾಸ್ತ ಸಹಿ ನೋಡಿದ, ಪೋಸ್ಟರಿನ ಬೆನ್ನು ನೋಡಿದ, ಮತ್ತೆ ಸಹಿ ನೋಡಿದ.

“ಆ ಮಗು ನೀವೇನಾ?”

“ಹೌದಪ್ಪ. ಇನ್ನೂ ದೊಡ್ಡವಳಾಗಿಲ್ಲ.”

ಮನೆಗೆ ಬಂದು ಹನ್ನೊಂದನ್ನೂ ಅದೇ ಕ್ಲಿಪ್ಪುಗಳಿಗೆ ಸಿಕ್ಕಿಸಿದಳು, ಬೆನ್ನು ಹೊರಗೆ, ಮುಖ ಗೋಡೆಗೆ. ಅಕ್ಷರ, ಕಾಗುಣಿತ, ಆಕೆಯ ಹೆಸರು, ಅವನ ಹೆಸರು. ಹನ್ನೊಂದನೆಯದು ಹೋದ ವರ್ಷ ತಂದದ್ದು. ಅದರಲ್ಲಿ ಆಕೆ ತಾನಾಗಿ ಬರೆದ ಮೊದಲ ವಾಕ್ಯವಿತ್ತು.

‘ನಾಳೆ ಸೋಪು ತನ್ನಿ. ಮರೆತರೆ ಮನೆಗೆ ಬರಬೇಡಿ.’

ಕೆಳಗೆ ಅವನ ಕೆಂಪು ಪೆನ್ಸಿಲ್ಲು: ಹತ್ತಕ್ಕೆ ನಾಲ್ಕು. ಮಾರ್ಕು ಕೊಟ್ಟವನು ಸೋಪು ಮಾತ್ರ ಮರೆತು ಬಂದಿದ್ದ. ಅವತ್ತು ಆಕೆ ಚಿಲಕ ಹಾಕಿ ಒಂದು ಗಂಟೆ ಅವನನ್ನು ಹೊರಗೇ ಕೂರಿಸಿದ್ದಳು. ಹೊಸ ಮದುವೆ, ಅಕ್ಷರ ಕಲಿತ ಸೊಕ್ಕು ಬೇರೆ. ಅಲ್ಲಿಂದ ಮುಂದೆ ಆ ಮನೆಯಲ್ಲಿ ಸೋಪು ಮುಗಿದದ್ದಿಲ್ಲ.

ಮಾರ್ಕಿನ ಕೆಳಗೆ ಇನ್ನೊಂದು ಸಾಲು. ಹೊಸ ಶಾಯಿ, ಮುದಿ ಕೈಯ ನಡುಕ.

‘ತಂದಿದ್ದೇನೆ. ಬಾಗಿಲು ತೆಗಿ.’

ಬಾಗಿಲು ಬಡಿದ ಸದ್ದಾಯಿತು. ಆಕೆ ಓಡಿದಳು. ಈ ವಯಸ್ಸಿನಲ್ಲಿ, ಮಂಡಿನೋವಿನಲ್ಲಿ, ಓಡಿ ಚಿಲಕ ತೆಗೆದಳು.

ನಾದಿನಿ.

“ಎಷ್ಟು ಹೊತ್ತು ಬಡಿಯೋದು ಅತ್ತಿಗೆ.” ಒಳಗೆ ಇಣುಕಿದಳು. “ಅಯ್ಯೋ, ಎಲ್ಲಾ ಉಲ್ಟಾ ಹಾಕಿದೀರಲ್ಲ. ತಿರುಗಿಸಬಾರ್ದಾ?”

“ತಿರುಗಿಸಿಯೇ ಹಾಕಿದೀನಿ ಕಣೇ.”

ನಾದಿನಿಗೆ ಅರ್ಥವಾಗಲಿಲ್ಲ. ಇತ್ತೀಚೆಗೆ ಅತ್ತಿಗೆಯ ಮಾತನ್ನು ಅವಳು ಕೆದಕುತ್ತಿರಲಿಲ್ಲ.

“ಅಂಗಡಿಗೆ ಹೊರಟಿದೀನಿ. ಏನಾದ್ರೂ ಬೇಕಿತ್ತಾ?”

ಬಚ್ಚಲ ಗೂಡಿನಲ್ಲಿದ್ದ ಅವನ ಕೊನೆಯ ಸೋಪು ಎಲೆಯಷ್ಟು ತೆಳ್ಳಗಾಗಿತ್ತು.

“ಒಂದು ಸೋಪು ತಗೊಂಡ್ಬಾ,” ಎಂದಳು ಹೊಲಿಗೆಯಮ್ಮ. “ಮರೆತ್ರೂ ಮನೆಗೆ ಬಾ.”